ಮೊದಲು ಬಾಯಿ, ಆಮೇಲೆ ಅರ್ಥ

"ತುಟಿ ಅಗಲಿಸು. ನಗೋ ಹಾಗೆ. ಈಗ ನಾಲಿಗೆ ಹಿಂದಕ್ಕೆ ಎಳ್ಕೋ. ಇನ್ನೂ ಹಿಂದಕ್ಕೆ."

ಕ್ರೇನಜ್ಜ ಒಂದು ಕೈಯಲ್ಲಿ ಕನ್ನಡಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅಳಿಯನ ಗಂಟಲ ಮೇಲಿಟ್ಟಿದ್ದ. ಅಳಿಯನ ಹಲ್ಲುಗಳ ನಡುವೆ ಅಡ್ಡಕ್ಕೆ ಒಂದು ಪೆನ್ಸಿಲು. ಸುತ್ತ ಹನ್ನೊಂದು ಜನ ತಂತಮ್ಮ ಪೆನ್ಸಿಲು ಕಚ್ಚಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಅಳಿಯನ ಬಾಯಿಂದ ಬಂದದ್ದು ‘ಇ’ ಅಲ್ಲ, ‘ಉ’ ಅಲ್ಲ, ಎರಡರ ನಡುವೆ ಎಲ್ಲೋ ಸಿಕ್ಕಿಕೊಂಡ ಒಂದು ಸ್ವರ. ಕಾಲಿಗೆ ಮುಳ್ಳು ಹೊಕ್ಕಾಗ ಹಲ್ಲು ಕಚ್ಚಿದವನ ಗಂಟಲಿನಿಂದ ಬರುವಂಥದ್ದು.

"ಹಾಂ, ಅದೇ," ಅಂದ ಅಜ್ಜ. "ಎಲ್ರೂ ಕೇಳಿಸ್ಕೊಂಡ್ರಾ? ರಷ್ಯನ್ನಲ್ಲಿ ಈ ಸ್ವರ ಬರದೆ ಇದ್ರೆ ಮುಂದಿನದು ಯಾವ್ದೂ ಬರಲ್ಲ."

"ನನ್ನ ಹೆಂಡ್ತಿಗೆ ಮೊದ್ಲಿಂದಲೂ ಬರತ್ತೆ ಅಜ್ಜ," ಅಂದ ಬಡಗಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. "ನಾನು ತಡವಾಗಿ ಹೋದ ದಿನ ಬಾಗಿಲು ತೆಗೆದು ಇದನ್ನೇ ಅಂತಾಳೆ. ಅವಳನ್ನೇ ಕಳಿಸೋಣ್ವಾ?"

ನಗುವಿಗೆ ನಾಲ್ಕು ಬಾಯಿಂದ ಪೆನ್ಸಿಲು ಬಿದ್ದವು. ಅಳಿಯ ಮಾತ್ರ ನಗಲಿಲ್ಲ. ಅವನು ಕನ್ನಡಿಯಲ್ಲಿ ತನ್ನ ನಾಲಿಗೆಯನ್ನೇ ನೋಡುತ್ತ ಅದೇ ಸ್ವರವನ್ನು ಮತ್ತೆ ಮತ್ತೆ ಎಳೆಯುತ್ತಿದ್ದ.

ಟೈರ್ ಅಂಗಡಿಯ ಮೇಲಿನ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕೆಳಗಿನಿಂದ ರಬ್ಬರಿನ ವಾಸನೆ, ಗಾಳಿ ತುಂಬುವ ಯಂತ್ರದ ಸದ್ದು ಮೇಲೆ ಬರುತ್ತಿದ್ದವು. ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಬಿಳಿ ಹಲಗೆ, ಮೂಲೆಯಲ್ಲಿ ಇವರನ್ನೆಲ್ಲ ರಷ್ಯಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟನ ಮೇಜು. ಅಜ್ಜನಿಗೊಬ್ಬನಿಗೆ ಮರದ ಕುರ್ಚಿ, ಅದರ ಮೇಲೊಂದು ದಿಂಬು. ದಿಂಬನ್ನು ಏಜೆಂಟನೇ ಮನೆಯಿಂದ ತಂದಿದ್ದ. "ನೀವು ಗುರುಗಳು ಯಜಮಾನ್ರೇ, ಬರೀ ಹಲಗೆ ಮೇಲೆ ಕೂರಬಾರದು," ಅಂದಿದ್ದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ಗುರು ಅಂದವರು ಎಪ್ಪತ್ತು ವರ್ಷದಲ್ಲಿ ಅವನೊಬ್ಬನೇ.

ಅಜ್ಜ ರಷ್ಯನ್ ಕಲಿತದ್ದು ಇಟ್ಟಿಗೆ ರಾಶಿಯ ಮೇಲೆ ಕೂತು. ನಲವತ್ತು ವರ್ಷದ ಹಿಂದೆ ಊರಾಚೆ ಉಕ್ಕಿನ ಕಾರ್ಖಾನೆ ಕಟ್ಟುವಾಗ ಆ ದೇಶದಿಂದ ಎಂಜಿನಿಯರುಗಳು ಬಂದಿದ್ದರು. ಕ್ರೇನಿನ ಕೆಳಗೆ ನಿಂತು, ಮೇಲೆ ಕೂತ ಡ್ರೈವರಿಗೆ ಕೈಸನ್ನೆ ಮಾಡಿ, ಕೂಗಿ, ಹೊರೆ ಎತ್ತಿಸುವುದು ಇಳಿಸುವುದು ಅವನ ಕೆಲಸ. ಮೇಲಿನ ಡ್ರೈವರೂ ರಷ್ಯದವನೇ. ಎತ್ತಲು ‘ವೀರಾ’, ಇಳಿಸಲು ‘ಮಾಯ್ನಾ’. ಬೋಳುತಲೆಯ ಎಂಜಿನಿಯರೊಬ್ಬ ಅವನ ಕೈಗೆ ಗಡ್ಡ ಹೆರೆಯುವ ಕನ್ನಡಿ ಕೊಟ್ಟು ತಿಂಗಳು ಪೂರ್ತಿ ಬಾಯಿ ತಿದ್ದಿದ್ದ, ಇಟ್ಟಿಗೆಯ ಮೇಲೆ ಬರೆದು ಅಕ್ಷರವನ್ನೂ ಕಲಿಸಿದ್ದ. ಅರ್ಥ ಹೇಳಿದ್ದು ಆಮೇಲೆ. ಅರ್ಥ ತಿಳಿದವನು ಅವಸರ ಪಡುತ್ತಾನೆ, ಅವಸರದ ಬಾಯಿ ಸಡಿಲ, ತಲೆ ಮೇಲೆ ಹೊರೆ ತೂಗುವಾಗ ಸಡಿಲು ಬಾಯಿ ಹೆಣ ಬೀಳಿಸುತ್ತದೆ. ದುಭಾಷಿ ಅವನ ಮಾತನ್ನು ಹೀಗೆ ತಿಳಿಸಿದ್ದ. ಅಜ್ಜ ಅದನ್ನು ಗಾದೆ ಮಾಡಿಕೊಂಡಿದ್ದ. ಮೊದಲು ಬಾಯಿ, ಆಮೇಲೆ ಅರ್ಥ.

ರಷ್ಯದವರು ಹೋದರು. ಬೀಗ ಕಳೆದ ಮೇಲೂ ಸೊಂಟದಲ್ಲೇ ಉಳಿದ ಕೀಲಿಕೈಯಂತೆ ಆ ಸದ್ದುಗಳು ಅಜ್ಜನ ಬಾಯಲ್ಲಿ ಉಳಿದವು. ಪುಟ್ಟಿಗೆ, ಅಂದರೆ ಮಗಳ ಮಗಳಿಗೆ, ತಮಾಷೆಗೆ ಅಂದು ತೋರಿಸುವುದು ಬಿಟ್ಟರೆ ಅವುಗಳಿಂದ ಇನ್ನೇನೂ ಉಪಯೋಗವಿರಲಿಲ್ಲ. ಹಾಗಿರುವಾಗ ಈ ಏಜೆಂಟು ವಿಚಾರಿಸಿಕೊಂಡು ಮನೆಗೇ ಬಂದ. ಆ ದೇಶದಲ್ಲಿ ದೊಡ್ಡದೊಂದು ಗೋದಾಮು, ಪೆಟ್ಟಿಗೆ ಕಟ್ಟಿ ಲಾರಿಗೆ ಏರಿಸುವ ಕೆಲಸ, ಒಂದು ವರ್ಷದ ಮಟ್ಟಿಗೆ. ಹನ್ನೆರಡು ಗಟ್ಟಿ ಆಳು ಬೇಕು, ಒಂದಿಷ್ಟು ಮಾತು ಕಿವಿಗೆ ಬಿದ್ದರೆ ತಿಳಿಯುವಂತಿರಬೇಕು, ಅಷ್ಟೇ. ಹನ್ನೊಂದು ಜನ ಏಜೆಂಟನಿಗೇ ಸಿಕ್ಕಿದ್ದರು. ಹನ್ನೆರಡನೆಯವನನ್ನು ಅಜ್ಜನೇ ಕೊಟ್ಟ.

ಅಳಿಯ ಫ್ರಿಜ್ ರಿಪೇರಿಯವನು. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಅಂಗಡಿಯ ಹಿಂದಿದ್ದ ಮನೆಯೂ ಹೋಯಿತು. ಹೆಂಡತಿ, ಮಗಳನ್ನು ಕರೆದುಕೊಂಡು ಮಾವನ ಎರಡು ಕೋಣೆಯ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಜ್ಜ ಒಂದು ದಿನ ಒಂದು ಮಾತು ಅಂದವನಲ್ಲ. ಆದರೆ ಬೀದಿಗೆ ಬಾಯಿ ಇತ್ತು. "ಏನು ಅಳಿಯಂದ್ರೇ, ಮಾವನ ಮನೆ ಊಟ ಮೈಗೆ ಹತ್ತಿದ ಹಾಗಿದೆ," ಎಂದು ಚಹಾದಂಗಡಿಯವನು ದಿನಾ ಬೆಳಿಗ್ಗೆ ಕೇಳುತ್ತಿದ್ದ. ಅಳಿಯ ಅಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟಿದ್ದ. ಮನೆಯಲ್ಲೂ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ.

"ಒಂದು ವರ್ಷ ಮಾವ," ಅಂದಿದ್ದ ಹೆಸರು ಬರೆಸಿದ ದಿನ. "ಬಂದ ಮೇಲೆ ನಮ್ಮದು ಅಂತ ಒಂದು ಬಾಗಿಲು. ಬಾಗಿಲ ಮೇಲೆ ಬೇಕಾದ್ರೆ ನಿಮ್ಮ ಹೆಸರೇ ಹಾಕಿಸ್ತೀನಿ."

"ನನ್ನ ಹೆಸರು ಯಾಕಪ್ಪ. ಕ್ರೇನ್ ಚಿತ್ರ ಹಾಕ್ಸು," ಅಂದಿದ್ದ ಅಜ್ಜ. ಆ ದಿನ ಎಲ್ಲರೂ ನಕ್ಕಿದ್ದರು.

ಏಜೆಂಟು ವಾರಕ್ಕೊಂದು ಹಾಳೆ ತರುತ್ತಿದ್ದ. ಹಾಳೆಗೆ ಇಪ್ಪತ್ತು ಮಾತು, ರಷ್ಯನ್ ಅಕ್ಷರದಲ್ಲಿ ಒಂದರ ಕೆಳಗೊಂದು. ಅರ್ಥ ಬರೆದಿರುತ್ತಿರಲಿಲ್ಲ. ಅದು ಅಜ್ಜನಿಗೆ ಕೊರತೆ ಅನ್ನಿಸಿರಲಿಲ್ಲ. ಮೊದಲ ಹಾಳೆಯಲ್ಲಿ ಅರ್ಧದಷ್ಟು ಅವನಿಗೆ ಗೊತ್ತಿದ್ದವೇ: ನಿಲ್ಲು, ಬೇಗ, ಎಡಕ್ಕೆ, ಬಲಕ್ಕೆ, ಮುಂದಕ್ಕೆ. ಕ್ರೇನಿನ ಅಡಿಯಲ್ಲಿ ಬಳಸಿದ ಮಾತುಗಳು. ಎರಡನೇ ಹಾಳೆಯಲ್ಲಿ ಗೊತ್ತಿದ್ದವು ನಾಲ್ಕೋ ಐದೋ. ಗೊತ್ತಿಲ್ಲದಿದ್ದರೇನು, ಅಕ್ಷರ ಗೊತ್ತಿತ್ತು. ಅಕ್ಷರಕ್ಕೆ ಬಾಯಿ ಹೇಗೆ ತಿರುಗಬೇಕು ಅನ್ನುವುದು ಗೊತ್ತಿತ್ತು.

"ಒತ್ತು ಬಿದ್ದ ಸ್ವರ ಮನೆ ಯಜಮಾನ," ಎಂದು ಹೇಳಿಕೊಡುತ್ತಿದ್ದ. "ಉಳಿದವು ಆಳು. ಆಳು ಬಾಯಿ ತೆರೀಬಾರದು. ಇಲ್ಲಿ ನೋಡಿ, ಬರೆದಿರೋದು ‘ಒ’. ಒತ್ತು ಇಲ್ಲ ತಾನೇ? ಹಂಗಾದ್ರೆ ಅದು ಹೆದರ್ಕೊಂಡು ‘ಅ’ ಆಗತ್ತೆ. ಮಾತಿನ ಕೊನೇಲಿ ‘ದ’ ಬರೆದಿದ್ರೆ ‘ತ’ ಅನ್ನಿ. ಕೊನೇಲಿ ಇರೋನಿಗೆ ಉಸಿರು ಮುಗಿದಿರತ್ತೆ, ಪಾಪ."

ಎಲ್ಲಕ್ಕಿಂತ ಕಾಡಿದ್ದು ಒಂದು ವ್ಯಂಜನ. ‘ಜ’ ಅಲ್ಲ, ‘ಶ’ ಅಲ್ಲ. ನಾಲಿಗೆಯ ತುದಿ ಮೇಲಕ್ಕೆ ಮಡಚಿ ಗಾಳಿಯನ್ನು ನಡುಗಿಸಬೇಕು. ಅಜ್ಜ ಬೆಂಕಿಪೊಟ್ಟಣದಲ್ಲಿ ಒಂದು ದುಂಬಿ ಹಿಡಿದು ತಂದು ಒಬ್ಬೊಬ್ಬರ ಕಿವಿಗೂ ಹಿಡಿದ. "ಇದೇ ಸದ್ದು. ಬಾಯೊಳಗೆ ದುಂಬಿ ಬಿಟ್ಕೊಳ್ಳಿ. ಹೊರಗೆ ಹೋಗೋಕೆ ಬಿಡಬೇಡಿ."

"ಬಿಟ್ರೆ?" ಅಂದ ಬಡಗಿ.

"ಬಿಟ್ರೆ ಗೋದಾಮು ಇಲ್ಲೇ. ಕೆಳಗೆ ಟೈರ್ ಜೋಡಿಸ್ತಾ ಕೂರು."

ಎರಡನೇ ಹಾಳೆಯ ಒಂಬತ್ತನೇ ಮಾತಿನಲ್ಲಿ ಈ ದುಂಬಿಯೂ ಇತ್ತು, ಪೆನ್ಸಿಲ್ ಕಚ್ಚುವ ಸ್ವರವೂ ಇತ್ತು, ಹೆದರಿ ‘ಅ’ ಆಗುವ ‘ಒ’ ಕೂಡ ಇತ್ತು. ಲಝೀಸ್. ಕೊನೆಯ ‘ಸ್’ ಮೆತ್ತಗೆ, ನಾಲಿಗೆ ಅಂಗುಳಕ್ಕೆ ಚಪ್ಪಟೆಯಾಗಿ ಅಂಟಬೇಕು. ಕಲಿಸಲು ಇದಕ್ಕಿಂತ ಒಳ್ಳೆಯ ಮಾತು ಇಲ್ಲ ಅಂತ ಅಜ್ಜನಿಗೆ ಅದರ ಮೇಲೆ ಪ್ರೀತಿಯೇ ಬಂದಿತ್ತು. ನಾಲ್ಕು ದಿನ ಅದೊಂದನ್ನೇ ತಿದ್ದಿದ. ಮೊದಲು ಸರಿಯಾಗಿ ಅಂದವನು ಅಳಿಯ. ಅವನು ಅಂದಾಗ ಅಜ್ಜನ ಮೈ ಜುಂ ಅಂದಿತು. ಬೋಳುತಲೆಯ ಎಂಜಿನಿಯರೇ ಎದ್ದು ಬಂದು ಕೋಣೆಯಲ್ಲಿ ನಿಂತ ಹಾಗಿತ್ತು.

"ನೀವು ಬಿಡಿ ಯಜಮಾನ್ರೇ, ಕಲ್ಲಿನ ಬಾಯಲ್ಲೂ ಮಾತಾಡಿಸ್ತೀರಿ," ಅಂದ ಏಜೆಂಟು. ಅವನು ಯಾವತ್ತೂ ದನಿ ಏರಿಸುತ್ತಿರಲಿಲ್ಲ. ಮೇಜಿನ ಮೇಲೆ ಫೋನನ್ನು ಅಂಗಾತ ಇಟ್ಟು, ಅದರ ಪಕ್ಕ ಹನ್ನೆರಡು ಪಾಸ್‌ಪೋರ್ಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿರುತ್ತಿದ್ದ. ಕಳೆದುಹೋದಾವು ಅಂತ ತಾನೇ ಜೋಪಾನ ಮಾಡುತ್ತೇನೆ ಅಂದಿದ್ದ.

"ಒಂದು ಮಾತು," ಅಂದ ಅಜ್ಜ. "ಪಟ್ಟೀಲಿ ‘ವೀರಾ’, ‘ಮಾಯ್ನಾ’ ಎರಡೂ ಇಲ್ಲ. ಗೋದಾಮು ಅಂದ್ಮೇಲೆ ಕ್ರೇನ್ ಇರತ್ತೆ. ಏನಿಲ್ಲಾಂದ್ರೂ ಎತ್ತೋದು, ಇಳಿಸೋದು ಇದ್ದೇ ಇರತ್ತೆ. ಸೇರಿಸ್ಲಾ?"

ಏಜೆಂಟು ಸ್ವಲ್ಪ ಯೋಚಿಸಿದ. "ಬೇಡ. ಪಟ್ಟೀಲಿ ಇರೋದು ಸಾಕು. ಜಾಸ್ತಿ ಆದ್ರೆ ಗೊಂದಲ ಆಗತ್ತೆ. ಇನ್ನೊಂದು, ಇವರು ಮಾತಾಡೋದು ಅಷ್ಟು ಮುಖ್ಯ ಅಲ್ಲ ಯಜಮಾನ್ರೇ. ಕೇಳಿದ ತಕ್ಷಣ ತಿಳೀಬೇಕು. ತಕ್ಷಣ."

ಆ ವಾರವೇ ಒಂದು ನಮೂನೆ ತುಂಬಿಸಿದ. ಹೆಸರು, ಎತ್ತರ, ರಕ್ತದ ಗುಂಪು, ಷೂ ಅಳತೆ. ಕೊನೆಯಲ್ಲಿ ‘ಯಾರಿಗೆ ತಿಳಿಸಬೇಕು’ ಎಂದು ಎರಡು ಗೆರೆ. ಅಳಿಯ ಮೊದಲ ಗೆರೆಯಲ್ಲಿ ಹೆಂಡತಿಯ ಹೆಸರು ಬರೆದು, ಎರಡನೆಯದಕ್ಕೆ ಪೆನ್ನು ಎತ್ತಿ ಮಾವನ ಮುಖ ನೋಡಿದ. "ನಿಮ್ಮದೇ ಹಾಕ್ಲಾ ಮಾವ?" "ಹಾಕಪ್ಪ," ಅಂದ ಅಜ್ಜ. ಏನು ತಿಳಿಸಬೇಕು ಅಂತ ಇಬ್ಬರೂ ಕೇಳಲಿಲ್ಲ.

ಮೂರನೇ ವಾರ ಏಜೆಂಟು ಮಂಡಿಯೆತ್ತರದ ಒಂದು ಸ್ಪೀಕರನ್ನು ಮೆಟ್ಟಿಲ ಮೇಲೆ ಹೊರಿಸಿಕೊಂಡು ಬಂದ. ಅಲ್ಲಿ ಗದ್ದಲ ಬಹಳ, ಗದ್ದಲದಲ್ಲೂ ಮಾತು ಗುರುತು ಸಿಗಬೇಕು ಅಂದ. ಅಜ್ಜ ತಲೆಯಾಡಿಸಿದ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನು ಕಲಿತದ್ದೂ ಕಬ್ಬಿಣದ ಗದ್ದಲದಲ್ಲೇ.

ಏಜೆಂಟು ಗುಂಡಿ ಒತ್ತಿದ. ಎಂಜಿನ್ನುಗಳ ಮೊರೆತ, ಮೇಲೆಲ್ಲೋ ಗುಂಯ್‌ಗುಡುವ ಸದ್ದು, ನಡುನಡುವೆ ಭಾರದ್ದೇನೋ ದಬ್ಬೆಂದು ಬೀಳುವುದು. ಕಿಟಕಿಯ ಗಾಜು ಅದುರಿತು. ಕೆಳಗಿನ ಟೈರ್ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ.

ಅಜ್ಜ ಕಿವಿಗೆ ಕೈ ಆನಿಸಿಕೊಂಡು ಕೂತ. ಹದಿನೆಂಟು ವರ್ಷ ಕಬ್ಬಿಣ ಬೀಳುವುದನ್ನು ಕೇಳಿದ ಕಿವಿ ಅದು. ತಗಡು ಬಿದ್ದರೆ ಒಂದು ತೆರ, ತೊಲೆ ಬಿದ್ದರೆ ಒಂದು ತೆರ, ಸರಪಳಿ ಬಿದ್ದರೆ ಒಂದು ತೆರ. ಯಾವುದೇ ಆಗಲಿ, ಬಿದ್ದ ಮೇಲೆ ಒಂದಷ್ಟು ಹೊತ್ತು ಮೊಳಗುತ್ತದೆ. ಇಲ್ಲಿ ಬೀಳುತ್ತಿದ್ದದ್ದು ಮೊಳಗುತ್ತಿರಲಿಲ್ಲ. ಬಿದ್ದು, ಮಣ್ಣು ಉದುರಿದ ಹಾಗೆ ಚೂರು ಸದ್ದು ಮಾಡಿ, ಸುಮ್ಮನಾಗುತ್ತಿತ್ತು.

"ಶುರು ಮಾಡಿ ಯಜಮಾನ್ರೇ," ಅಂದ ಏಜೆಂಟು.

ಮೂರನೇ ಹಾಳೆ. ಅಜ್ಜ ಒಂದೊಂದೇ ಮಾತು ಕೂಗಿದ, ಹನ್ನೆರಡು ಜನ ತಿರುಗಿ ಕೂಗಿದರು. ಆರನೆಯದು ಚಿಕ್ಕ ಮಾತು. ಬೆಳಿಗ್ಗೆ ಮನೆಯಲ್ಲಿ ಹಾಳೆ ನೋಡುವಾಗ ಅಕ್ಷರ ಕೂಡಿಸಿಟ್ಟಿದ್ದ. ದುಂಬಿ, ಅದಕ್ಕೆ ಅಂಟಿದ ಹಾಗೆ ‘ಗೂ’, ಕೊನೆಯಲ್ಲಿ ಗಟ್ಟಿ ‘ತ್’. ಝ್ಗೂತ್. ಕೂಗಿದ. ಆ ಗದ್ದಲದ ಒಳಗಿಂದ ಹನ್ನೆರಡು ಗಂಡು ದನಿ ಒಟ್ಟಿಗೆ ಕೂಗಿದವು. "ಝ್ಗೂತ್."

ಅಜ್ಜನ ಕೈಯಿಂದ ಹಾಳೆ ಜಾರಿತು.

ಕಾರ್ಖಾನೆ ಕಟ್ಟುತ್ತಿದ್ದ ದಿನಗಳ ಒಂದು ಮಧ್ಯಾಹ್ನ. ಎತ್ತಿದ ತಗಡು ಹಗ್ಗದಿಂದ ನುಣುಚಿ ಜೊತೆಯವನ ತೊಡೆಯ ಮೇಲೆ ಬಿದ್ದದ್ದು. ಊಟದ ಡಬ್ಬಿಯನ್ನು ದಿನಾ ತನ್ನೊಂದಿಗೆ ಹಂಚಿಕೊಳ್ಳುತ್ತಿದ್ದವನು. ಬೋಳುತಲೆಯವನು ಓಡಿ ಬಂದು, ಎರಡೂ ಕೈಯಿಂದ ಅವನ ತೊಡೆ ಅಮುಕಿ ಹಿಡಿದು, ಸುತ್ತ ನಿಂತವರತ್ತ ಮುಖ ತಿರುಗಿಸಿ ಕೂಗಿದ್ದು ಇದೇ ಮಾತು. ಝ್ಗೂತ್, ಝ್ಗೂತ್. ಕೂಗುತ್ತಲೇ ಇದ್ದ. ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ಒಬ್ಬ ನೀರು ತಂದ, ಒಬ್ಬ ಹಾರೆ ತಂದ. ದುಭಾಷಿ ಊಟಕ್ಕೆ ಹೋಗಿದ್ದ. ಅವನು ಬಂದು, ರಕ್ತ ನಿಲ್ಲಿಸಲು ಬಿಗಿದು ಕಟ್ಟುವ ಪಟ್ಟಿ, ಏನಾದರೂ ಕೊಡಿ, ಬೆಲ್ಟಾದರೂ ಕೊಡಿ ಅನ್ನುವ ಹೊತ್ತಿಗೆ ಮರಳೆಲ್ಲ ಕಪ್ಪಾಗಿತ್ತು. ಅಜ್ಜ ಆಗ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ನಿಂತಿದ್ದ. ಆಮೇಲೆ ಯಾವತ್ತೂ ಬೆಲ್ಟು ಕಟ್ಟಲಿಲ್ಲ. ಆ ಮಾತನ್ನು ಬಾಯಿಂದ ಒಮ್ಮೆಯೂ ಅಂದಿರಲಿಲ್ಲ, ಕಾಗದದ ಮೇಲೆ ನೋಡಿರಲಿಲ್ಲ. ಕಿವಿಯಲ್ಲಿ ಮಾತ್ರ ಇತ್ತು.

"ಅಜ್ಜ, ಏನಾಯ್ತು?" ಬಡಗಿ ಹಾಳೆ ಎತ್ತಿಕೊಟ್ಟ.

"ಏನಿಲ್ಲ. ಸದ್ದು ಜಾಸ್ತಿ ಆಯ್ತು."

ಪಾಠ ಮುಗಿದು ಎಲ್ಲರೂ ಇಳಿದ ಮೇಲೆ ಅಜ್ಜ ಏಜೆಂಟನ ಮೇಜಿನ ಮುಂದೆ ನಿಂತ. "ಈ ಆರನೇದು ರಕ್ತ ಕಟ್ಟೋ ಪಟ್ಟಿ ಅಲ್ವಾ?"

ಏಜೆಂಟು ತಲೆ ಎತ್ತಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. "ಇರ್ಬಹುದು ಯಜಮಾನ್ರೇ. ಪ್ರಥಮ ಚಿಕಿತ್ಸೆ. ಯಾವ ಕಾರ್ಖಾನೇಲೂ ಕಲಿಸ್ತಾರಲ್ಲ."

"ಕಲಿಸ್ತಾರೆ," ಅಂದ ಅಜ್ಜ. "ಲಝೀಸ್ ಅಂದ್ರೆ?"

"ಅದು ಸುರಕ್ಷತೆಗೆ."

"ಅಂದ್ರೆ?"

"ಅಲ್ಲಿ ಹೋದ ಮೇಲೆ ಹೇಳ್ಕೊಡ್ತಾರೆ." ಏಜೆಂಟು ಮುಗುಳ್ನಕ್ಕು ಎದ್ದು, ಅಜ್ಜನ ಕುರ್ಚಿಯ ದಿಂಬನ್ನು ಕೊಡವಿ ಸರಿಯಾಗಿ ಇಟ್ಟ. "ಮೊದಲು ಬಾಯಿ, ಆಮೇಲೆ ಅರ್ಥ. ನೀವೇ ಹೇಳೋದಲ್ವಾ?"

ಮನೆಗೆ ನಡೆದು ಬರುವಾಗ ಅಜ್ಜ ಅರವತ್ತು ಮಾತುಗಳನ್ನೂ ಮನಸ್ಸಿನಲ್ಲಿ ಎಣಿಸಿಕೊಂಡ. ಪೆಟ್ಟಿಗೆ ಅನ್ನುವ ಮಾತು ಅವನಿಗೆ ಗೊತ್ತಿತ್ತು, ಅದು ಪಟ್ಟಿಯಲ್ಲಿರಲಿಲ್ಲ. ಲಾರಿ ಇರಲಿಲ್ಲ. ಊಟ, ನೀರು, ರಜೆ, ಮನೆ, ಯಾವುದೂ ಇರಲಿಲ್ಲ. ದಯವಿಟ್ಟು, ಉಪಕಾರವಾಯಿತು, ಅವೂ ಇರಲಿಲ್ಲ. ರಷ್ಯದವರು ಮೊದಲ ದಿನವೇ ಕಲಿಸಿದ ಮಾತುಗಳು ಅವು.

ಮನೆಯ ಬಾಗಿಲು ತೆರೆದಿತ್ತು. ಸಂಜೆಯ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಿದ್ದಿತ್ತು. ಅಳಿಯ ಗೋಡೆಗೆ ಒರಗಿ ಕೂತಿದ್ದ, ಐದು ವರ್ಷದ ಪುಟ್ಟಿ ನಡುಮನೆಯಲ್ಲಿ ಅತ್ತಿಂದಿತ್ತ ಓಡುತ್ತಿದ್ದಳು.

"ಲಝೀಸ್," ಅಂದ ಅಳಿಯ.

ಪುಟ್ಟಿ ಓಡುತ್ತಿದ್ದವಳು ದೊಪ್ಪನೆ ಬೋರಲು ಬಿದ್ದಳು. ಕೆನ್ನೆ ನೆಲಕ್ಕೆ ಒತ್ತಿ, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. ಅಜ್ಜ ಹೊಸ್ತಿಲಲ್ಲೇ ನಿಂತ.

"ಇದನ್ನ ಯಾರು ಹೇಳ್ಕೊಟ್ಟಿದ್ದು?"

"ಅಪ್ಪ," ಅಂದಳು ಪುಟ್ಟಿ ನೆಲದಿಂದಲೇ.

"ಬೆಳಿಗ್ಗೆ ಮೈದಾನಕ್ಕೆ ಕರೆಸ್ತಾ ಇದಾರಲ್ಲ ಮಾವ, ನಾಲ್ಕು ದಿನದಿಂದ," ಅಂದ ಅಳಿಯ. "ಮೈ ಗಟ್ಟಿ ಇದೆಯಾ ಅಂತ ನೋಡೋಕೆ. ಓಡಿಸ್ತಾರೆ, ಈ ಮಾತು ಅಂದಾಗ ಹಿಂಗೆ ಬೀಳಬೇಕು. ಕೊನೇಲಿ ಬಿದ್ದವನು ಇನ್ನೊಂದು ಸುತ್ತು ಓಡಬೇಕು. ನಾನು ಒಂದ್ಸಲಾನೂ ಓಡಿಲ್ಲ." ಅವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಎರಡು ವರ್ಷದಿಂದ ಅಜ್ಜ ಅದನ್ನು ಕೇಳಿರಲಿಲ್ಲ.

"ಗೋದಾಮಲ್ಲಿ ಯಾಕೆ ಬೋರಲು ಬೀಳಬೇಕು?"

ಅಡುಗೆಮನೆಯಲ್ಲಿ ಅಜ್ಜನ ಮಗಳ ಪಾತ್ರೆಯ ಸದ್ದು ನಿಂತಿತು.

"ಮೇಲಿಂದ ಪೆಟ್ಟಿಗೆ ಬಿದ್ರೆ," ಅಂದ ಅಳಿಯ.

"ಪೆಟ್ಟಿಗೆ ಬಿದ್ರೆ ಪಕ್ಕಕ್ಕೆ ಓಡ್ತಾರೆ ಕಣೋ. ಮಲಗಲ್ಲ. ಹದಿನೆಂಟು ವರ್ಷ ಹೊರೆ ಅಡೀಲಿ ನಿಂತಿದ್ದೀನಿ. ಹೋಗಬೇಡ. ನಾನು ಕೇಳ್ಕೋತಿದ್ದೀನಿ."

"ಅಪ್ಪ, ಏನಂತಿದ್ದೀರಿ?" ಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅಜ್ಜ ಹೇಳಿದ. ತಗಡು ಬಿದ್ದದ್ದು, ಜೊತೆಯವನ ತೊಡೆ, ಆ ಮಾತು, ಸ್ಪೀಕರಿನ ಸದ್ದು. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಮಗಳು ಕಂಡಿರಲಿಲ್ಲ. ಅವಳು ಗಂಡನ ಮುಖ ನೋಡಿದಳು.

ಅಳಿಯ ನೆಲ ನೋಡುತ್ತಿದ್ದ. "ನಂಗೂ ಹೊಳೀದೆ ಏನಿಲ್ಲ ಮಾವ," ಅಂದ ನಿಧಾನವಾಗಿ. "ಕೇಳ್ದೆ. ಗಡಿ ದೂರ ಇರತ್ತೆ, ನಿಮಗೇನೂ ಸಂಬಂಧ ಇಲ್ಲ, ಬರೀ ಸಾಮಾನು ಇಳಿಸೋದು ಅಂದ್ರು. ಹನ್ನೆರಡು ಜನ ಹೋಗ್ತಿದ್ದೀವಿ. ಹನ್ನೆರಡೂ ಜನ ದಡ್ಡರಾ?"

"ನಾನೊಬ್ಬ ದಡ್ಡ ಸಾಕಾಯ್ತಲ್ಲ, ಕಲಿಸೋಕೆ."

"ನೀವು ಚೆನ್ನಾಗಿ ಕಲಿಸಿದ್ದೀರಿ. ನನಗೆ ಅದೊಂದು ಹೇಳಿ ಸಾಕು. ನಾಳೆ ಪರೀಕ್ಷೆ. ನನ್ನ ಬಾಯಿ ಸರಿ ಇದೆಯೋ ಇಲ್ವೋ?"

ಅಜ್ಜ ಒಳಗೆ ಬಂದು ಚೀಲವನ್ನು ಮೊಳೆಗೆ ಸಿಕ್ಕಿಸಿದ. ಅಳಿಯ ಎದ್ದು ಹೊರಗೆ ಹೋದ. ಚಹಾದಂಗಡಿಯ ಮುಂದೆ ತಲೆ ಎತ್ತಿಕೊಂಡು ಹೋಗುವುದು ಬಾಗಿಲಿನಿಂದ ಕಂಡಿತು.

ಮರುದಿನ ಏಜೆಂಟು ಹನ್ನೆರಡು ಹೆಸರಿನ ಕಾಗದವನ್ನು ಅಜ್ಜನ ಮುಂದಿಟ್ಟ. ಪ್ರತಿ ಹೆಸರಿನ ಎದುರು ಒಂದು ಖಾಲಿ ಚೌಕ. ಯಾರ ಬಾಯಿ ಸರಿಯೋ ಅಲ್ಲಿ ಅಜ್ಜ ಗುರುತು ಹಾಕಬೇಕು. ಗುರುತಿದ್ದವರು ಹೊರಡುತ್ತಾರೆ ಎಂದು ಮೊದಲ ದಿನವೇ ಎಲ್ಲರೆದುರು ಹೇಳಿದ್ದ.

ಪರೀಕ್ಷೆಗೆ ಮುಂಚೆ ಅಜ್ಜ ಎದ್ದು ನಿಂತು, ತನಗೆ ಹೊಸದಾಗಿ ತಿಳಿದ ಅರ್ಥ ಎರಡನ್ನೂ ಎಲ್ಲರಿಗೂ ಹೇಳಿದ. ಒಂದು ರಕ್ತ ಕಟ್ಟುವ ಪಟ್ಟಿ. ಇನ್ನೊಂದು ನೆಲಕ್ಕೆ ಬೀಳು. ಏಜೆಂಟು ತಡೆಯಲಿಲ್ಲ, ಕೈ ಕಟ್ಟಿಕೊಂಡು ಕೇಳಿದ, ಕೊನೆಗೆ ತಲೆಯನ್ನೂ ಆಡಿಸಿದ.

"ಹಿರಿಯರು. ಕಂಡಿದ್ದಾರೆ, ಅದಕ್ಕೆ ಹೆದರ್ತಾರೆ," ಅಂದ. "ನಿಮ್ಮಲ್ಲಿ ಯಾರಿಗೆ ಬೇಡವೋ ಈಗಲೇ ಹೇಳಿ. ಬಲವಂತ ಇಲ್ಲ. ಕೆಳಗೆ ಇನ್ನೂ ಇಪ್ಪತ್ತು ಜನ ಕೇಳ್ಕೊಂಡು ಹೋಗಿದ್ದಾರೆ."

ಯಾರೂ ಏಳಲಿಲ್ಲ. ಒಬ್ಬೊಬ್ಬರೂ ಪಕ್ಕದವನು ಎದ್ದಾನೇನೋ ಎಂದು ನೋಡಿದರು.

"ಗೋದಾಮಲ್ಲೂ ಕಾಲು ಮುರಿಯತ್ತೆ ಬಿಡಿ ಅಜ್ಜ," ಅಂದ ಬಡಗಿ. ಆದರೆ ಅದನ್ನು ತಮಾಷೆಯಂತೆ ಅನ್ನಲು ಹೋಗಿ ಅವನಿಂದ ಆಗಲಿಲ್ಲ.

ಒಬ್ಬೊಬ್ಬರಾಗಿ ಬಂದು ‘ಲಝೀಸ್’ ಅಂದರು. ಅಜ್ಜ ಪೆನ್ನು ಹಿಡಿದುಕೊಂಡು ಕೇಳಿದ. ಮೊದಲನೆಯವನಿಗೆ "ಆಗಿಲ್ಲ" ಅಂದ. ಎರಡನೆಯವನಿಗೂ "ಆಗಿಲ್ಲ". ಏಳನೆಯವನ ಹೊತ್ತಿಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಳಿಯ ಬಂದು ನಿಂತ. ಕೈ ಎರಡೂ ಮೈಗೆ ಆತು ನೆಟ್ಟಗೆ ನಿಂತಿದ್ದ, ಮೈದಾನದಲ್ಲಿ ನಿಲ್ಲುವ ಹಾಗೆ. ಅಂದ. ದುಂಬಿ ಬಾಯೊಳಗೇ ಇತ್ತು, ಸ್ವರ ಗಂಟಲಲ್ಲಿ ಎಲ್ಲಿ ಸಿಕ್ಕಿಕೊಳ್ಳಬೇಕೋ ಅಲ್ಲೇ ಸಿಕ್ಕಿಕೊಂಡಿತು, ಕೊನೆಯ ‘ಸ್’ ಅಂಗುಳಕ್ಕೆ ಮೆತ್ತಗೆ ಅಂಟಿ ಬಿಟ್ಟಿತು. ನಲವತ್ತು ವರ್ಷದಲ್ಲಿ ಅಜ್ಜನಿಗೇ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

"ಆಗಿಲ್ಲ," ಅಂದ ಅಜ್ಜ.

ಅಳಿಯನ ಮುಖ ಕಪ್ಪಿಟ್ಟಿತು. "ಮಾವ, ನನ್ನ ಕಣ್ಣು ನೋಡಿ ಹೇಳಿ."

ಅಜ್ಜ ಪೆನ್ನಿನ ಮುಚ್ಚಳ ಹಾಕಿದ.

ಏಜೆಂಟು ಎದ್ದು ಬಂದು ಕಾಗದವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. "ಪರವಾಗಿಲ್ಲ ಯಜಮಾನ್ರೇ. ನಿಮಗೆ ಸುಸ್ತಾಗಿದೆ." ಮೇಜಿನ ಮೇಲೆ ಅಂಗಾತ ಮಲಗಿದ್ದ ಫೋನನ್ನು ಬೆರಳಿನಿಂದ ಮುಟ್ಟಿದ. ಹನ್ನೆರಡು ಜನರ ಮೂರು ವಾರದ ದನಿ ಅದರಲ್ಲಿ ಇತ್ತು. "ನಾನು ದಿನಾ ಕಳಿಸ್ತಾ ಇದ್ದೆ. ಅಲ್ಲಿಯವರು ಮೊನ್ನೇನೇ ಕೇಳಿ ಒಪ್ಪಿದ್ದಾರೆ. ಟಿಕೆಟ್ ಬಂದಿದೆ. ಬಾಯಿ ಬಹಳ ಚೆನ್ನಾಗಿದೆ ಅಂದ್ರು. ಯಾರು ಕಲಿಸಿದ್ದು ಅಂತಾನೂ ಕೇಳಿದ್ರು."

ಗುರುವಾರ ಬೆಳಿಗ್ಗೆ ಟೈರ್ ಅಂಗಡಿಯ ಮುಂದೆ ವ್ಯಾನು ಬಂತು. ಅಳಿಯ ಎರಡು ದಿನದಿಂದ ಮಾವನೊಂದಿಗೆ ಮಾತಾಡಿರಲಿಲ್ಲ. ಹೊರಡುವಾಗ ಬಗ್ಗಿ ಕಾಲು ಮುಟ್ಟಿದ. ಅಜ್ಜ ಅವನ ಕೈಗೆ ಒಂದು ಹೊಸ ಬೆಲ್ಟು ಇಟ್ಟ. ಚರ್ಮದ್ದು, ಅಗಲದ್ದು. "ಯಾವಾಗ್ಲೂ ಕಟ್ಕೊಂಡಿರು," ಅಂದ. ಅಳಿಯ ಆಗಲೇ ಒಂದು ಕಟ್ಟಿದ್ದ. ಅದರ ಮೇಲೇ ಇದನ್ನೂ ಕಟ್ಟಿಕೊಂಡ. ಮಗಳು ವ್ಯಾನಿನ ಕಿಟಕಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದಳು. ಒಳಗೆ ಹನ್ನೊಂದು ತಲೆ. ಬಡಗಿ ಬಂದಿರಲಿಲ್ಲ. ಏಜೆಂಟು ಎರಡು ಸಲ ಫೋನ್ ಮಾಡಿ, ಮೂರನೇ ಸಲ ಮಾಡದೆ ಬಾಗಿಲು ಎಳೆಯಿಸಿದ.

ಮೊದಲ ವಾರ ದಿನಾ ಫೋನ್ ಬಂತು. ಚಳಿ ಇದೆ, ಊಟ ಪರವಾಗಿಲ್ಲ, ಬಟ್ಟೆ ಕೊಟ್ಟಿದ್ದಾರೆ, ಎಲ್ಲರಿಗೂ ಒಂದೇ ಬಣ್ಣದ್ದು. ಎರಡನೇ ವಾರ ಎರಡು ಸಲ ಬಂತು. ಮಾತಿನ ಹಿಂದೆ ಎಂಜಿನ್ನಿನ ಮೊರೆತವಿತ್ತು. ಮಗಳು ಫೋನನ್ನು ಅಪ್ಪನ ಕಿವಿಗೂ ಹಿಡಿದಳು. ಅಜ್ಜ ಕೇಳಿಸಿಕೊಂಡ. ದೂರದಲ್ಲಿ ಏನೋ ಬಿತ್ತು. ಮೊಳಗುತ್ತದೆಯೇ ಎಂದು ಕಾದ. ಮೊಳಗಲಿಲ್ಲ. "ಇಡ್ತೀನಿ ಮಾವ, ಕರೀತಿದ್ದಾರೆ," ಅಂದಿತು ಫೋನು.

ಆಮೇಲೆ ಹತ್ತೊಂಬತ್ತು ದಿನ ಏನೂ ಬರಲಿಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆಗೆ ಬೀಗ ಹಾಕಿತ್ತು. ಮಗಳು ಕಚೇರಿಯಿಂದ ಕಚೇರಿಗೆ ಅಲೆದು ಸಂಜೆ ಬರುತ್ತಿದ್ದಳು. ಬಂದವಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಸ್ವಲ್ಪ ಹೊತ್ತು ಕೂರುತ್ತಿದ್ದಳು.

ಇಪ್ಪತ್ತನೇ ದಿನ ಅವಳು ಇನ್ನೂ ಬಂದಿರಲಿಲ್ಲ. ಅಜ್ಜ ಗೋಡೆಗೆ ಒರಗಿ ಕೂತಿದ್ದ. ಪುಟ್ಟಿಗೆ ಬೇಸರವಾಗಿತ್ತು. ಕಿಟಕಿಯ ಮೇಲಿದ್ದ ಅಪ್ಪನ ಪೆನ್ಸಿಲು ತೆಗೆದು, ಹಲ್ಲಿನ ಗುರುತು ಇದ್ದ ಕಡೆಯೇ ತಾನೂ ಕಚ್ಚಿ, ಬಿಸಾಡಿ, ನಡುಮನೆಯಲ್ಲಿ ಓಡತೊಡಗಿದಳು.

"ಅಜ್ಜ, ಆಟ ಆಡ್ಸು."

"ಬೇಡ ಮಗಾ."

"ನಾನೇ ಅಂತೀನಿ ಹಂಗಾದ್ರೆ." ಲಝೀಸ್ ಅಂದಳು. ಅಜ್ಜ ಯಾರಿಗೂ ನಾಲ್ಕು ದಿನಕ್ಕೆ ಕಮ್ಮಿ ಕಲಿಸಲಾಗದ ಮಾತು ಆ ಎಳೆ ಬಾಯಲ್ಲಿ ಒಂದಿಷ್ಟೂ ಐಬಿಲ್ಲದೆ ಬಂತು. ಅಂದವಳು ತಾನೇ ಬೋರಲು ಬಿದ್ದಳು. ಕೆನ್ನೆ ನೆಲಕ್ಕೆ, ಕೈ ತಲೆಯ ಮೇಲೆ.

ಸ್ವಲ್ಪ ಹೊತ್ತಾಯಿತು. "ಏಳಮ್ಮ, ನೆಲ ತಣ್ಣಗಿದೆ," ಅಂದ ಅಜ್ಜ.

"ಹಂಗಲ್ಲ. ಆ ಭಾಷೇಲಿ ಹೇಳು. ಆ ಭಾಷೇಲಿ ಹೇಳಿದ್ರೇನೇ ಏಳ್ಬೇಕು."

ಅಜ್ಜ ಚೀಲದಿಂದ ಮೂರು ಹಾಳೆಗಳನ್ನೂ ತೆಗೆದು ನೆಲದ ಮೇಲೆ ಹರಡಿಕೊಂಡ. ಏಳು ಅನ್ನುವ ಮಾತಿಗಾಗಿ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ನೋಡಿದ. ಮತ್ತೆ ಮೇಲಿನಿಂದ ನೋಡಿದ. ಬಿಸಿಲು ಹೊಸ್ತಿಲಿಗೆ ಹಿಂದೆ ಸರಿದಿತ್ತು. ಹಾಳೆಗಳನ್ನು ಅಲ್ಲೇ ಬಿಟ್ಟು, ಗೋಡೆ ಹಿಡಿದು ಎದ್ದು ನಿಂತ. ಬಲಗೈಯನ್ನು ಭುಜಕ್ಕಿಂತ ಮೇಲೆತ್ತಿ, ತೋರುಬೆರಳು ಮೇಲಕ್ಕೆ ಮಾಡಿ, ಹೊರೆ ಎತ್ತಿಸುವಾಗಿನ ಹಾಗೆ ಗಾಳಿಯಲ್ಲಿ ಸಣ್ಣಗೆ ಸುತ್ತಿಸಿದ.

"ವೀರಾ," ಅಂದ.

ಪುಟ್ಟಿ ಅಲ್ಲಾಡಲಿಲ್ಲ.

"ವೀರಾ," ಅಂದ ಮತ್ತೆ, ಎತ್ತರದಲ್ಲಿ ಕೂತವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಅದು ಅಪ್ಪನ ಪಟ್ಟೀಲಿಲ್ಲ ಅಜ್ಜ," ಅಂದಳು ಪುಟ್ಟಿ, ನೆಲಕ್ಕೆ ಒತ್ತಿದ ಬಾಯಿಂದ.

ಅಜ್ಜನ ಬೆರಳು ಮೇಲೆ ಸುತ್ತುತ್ತಲೇ ಇತ್ತು. ಹೊರಗೆ ಬೀದಿಯಲ್ಲಿ ಮಗಳ ಚಪ್ಪಲಿಯ ಸದ್ದು ಕೇಳಿಸಿತು.